ನನ್ನ ಏಳು ಕತ್ತಿಗಳೂ ಫಕೀರಪ್ಪನ ಕಲ್ಲೂ

ಏನು ನಡೆಯಿತೆಂದು ನನಗೆ ಖಚಿತವಾಗಿ ಗೊತ್ತಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಮೇಲು. ಧಾರವಾಡದ ಕಾಲೇಜೊಂದರಲ್ಲಿ ಮೂವತ್ತು ವರ್ಷ ತರ್ಕಶಾಸ್ತ್ರ ಹೇಳಿದವನು ಬಾಯಿ ತೆರೆದರೆ ಕೇಳುವವರು ಒಂದೋ ಪೂರ್ತಿ ನಂಬುತ್ತಾರೆ, ಇಲ್ಲವೋ ಪೂರ್ತಿ ನಿದ್ದೆ ಹೋಗುತ್ತಾರೆ. ನನ್ನ ವಿದ್ಯಾರ್ಥಿಗಳು ಎರಡನೆಯ ಪಂಗಡದವರು. ಅವರಿಂದ ಯಾರಿಗೂ ತೊಂದರೆಯಾಗಿಲ್ಲ. ತೊಂದರೆಯಾದದ್ದು ಮೊದಲನೆಯ ಪಂಗಡದಿಂದ, ಅದೂ ನಾನು ತರ್ಕಶಾಸ್ತ್ರದ ಹೆಸರನ್ನೇ ಕೇಳಿರದ ಒಂಬತ್ತನೆಯ ವಯಸ್ಸಿನಲ್ಲಿ. ನನ್ನ ನೆನಪಿನ ಯೋಗ್ಯತೆಯೇನು ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ನಮ್ಮ ಮದುವೆಯ ದಿನ ಧೋ ಎಂದು ಮಳೆ ಸುರಿದದ್ದು, ಚಪ್ಪರದಡಿ ಬೀಗರು ಎಲೆ ಎತ್ತಿಕೊಂಡು ಓಡಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಮಳೆ ಬಂದದ್ದು ತನ್ನ ತಂಗಿಯ ಮದುವೆಯಲ್ಲೆಂದೂ ನಮ್ಮದರಲ್ಲಿ ಬರೀ ಕರೆಂಟು ಹೋಗಿತ್ತೆಂದೂ ನನ್ನ ಹೆಂಡತಿ ಉಷಾ ಹೇಳುತ್ತಾಳೆ. ಒಮ್ಮೆ ಹಟಕ್ಕೆ ಬಿದ್ದು ಆಲ್ಬಮ್ ತೆಗೆದೆವು. ಅದರಲ್ಲಿ ಒಣ ಚಪ್ಪರವಿತ್ತು, ಉರಿಯುವ ದೀಪಗಳಿದ್ದವು, ಇಬ್ಬರೂ ಸುಳ್ಳರಾಗಿ ನಗುತ್ತ ನಿಂತಿದ್ದೆವು.

ಮಳೆಯ ವಿಷಯದಲ್ಲಿ ಸುಳ್ಳು ನೆನಪಿದ್ದರೆ ಯಾರದೂ ಏನೂ ಹೋಗುವುದಿಲ್ಲ. ನಾನು ಹೇಳಹೊರಟಿರುವುದು ಬೇರೆ. ನನ್ನ ತಮ್ಮ ಗಿರೀಶನ ಎಡ ದವಡೆಯ ಮೇಲೆ, ಕಿವಿಯ ಬುಡದಿಂದ ಗದ್ದದ ಕಡೆಗೆ, ಮೂರು ಬೆರಳು ಉದ್ದದ ಗಾಯದ ಗೆರೆಯಿದೆ. ಅಲ್ಲಿ ಗಡ್ಡ ಹುಟ್ಟುವುದಿಲ್ಲ. ಅವನಿಗೆ ಐದು ವರ್ಷವಿದ್ದಾಗ ಆದದ್ದು. ಅದನ್ನು ಮಾಡಿದವರು ಯಾರೆಂಬುದಕ್ಕೆ ನಮ್ಮ ಮನೆಯಲ್ಲಿ ಐವತ್ತು ವರ್ಷದಿಂದ ಒಂದೇ ಉತ್ತರ: ಫಕೀರಪ್ಪ. ರವಿವಾರಕ್ಕೊಮ್ಮೆ ನಮ್ಮ ಧಾರವಾಡದ ಮನೆಯ ಹಿತ್ತಲಕಟ್ಟೆಗೆ ಬಂದು ಅಪ್ಪನಿಂದ ಹಿಡಿದು ಗಿರೀಶನವರೆಗೆ ಎಲ್ಲರ ತಲೆ ಒಪ್ಪ ಮಾಡುತ್ತಿದ್ದ, ಹೋಗುವ ಮುನ್ನ ಅಪ್ಪನ ದಾಡಿ ಕತ್ತಿಗೆ ಸಾಣೆ ಹಿಡಿದು ಕೊಡುತ್ತಿದ್ದ ಫಕೀರಪ್ಪ. ಹುಡುಗ ತಲೆ ಅಲ್ಲಾಡಿಸಿದ, ಕತ್ತಿ ಜಾರಿತು. ಆ ಮೇಲೆ ಅವನು ನಮ್ಮ ಮನೆಗೆ ಬರಲಿಲ್ಲ; ಓಣಿಯ ಬೇರೆ ಮನೆಗಳವರೂ ಅವನನ್ನು ಕರೆಯಲಿಲ್ಲ. ಇದಕ್ಕೆ ಸಾಕ್ಷಿ ಒಬ್ಬನೇ. ಅದು ನಾನು.

ಈ ಉತ್ತರವನ್ನು ಅನುಮಾನಿಸುವ ಉದ್ದೇಶ ನನಗೇನೂ ಇರಲಿಲ್ಲ. ಆದದ್ದು ಬೇರೆ ದಾರಿಯಿಂದ. ಹೋದ ವರ್ಷ ಹುಬ್ಬಳ್ಳಿಯ ಗೋಪನಕೊಪ್ಪದ ನಮ್ಮ ಮನೆಗೆ ಬಣ್ಣ ಹಚ್ಚುವಾಗ ಅವ್ವನ ಹಳೆಯ ಟ್ರಂಕನ್ನು ಅಟ್ಟದಿಂದ ಇಳಿಸಬೇಕಾಯಿತು. ಅವ್ವ ಬದುಕಿರುವತನಕ ಒಂದು ಚೀಟಿಯನ್ನೂ ಎಸೆದವಳಲ್ಲ. ನಮ್ಮ ಅಂಕಪಟ್ಟಿಗಳು, ಸಿಡುಬಿಗೆ ದೇವಿ ಹಾಕಿಸಿದ ಚೀಟಿಗಳು, ಡಾಕ್ಟರು ಬರೆದುಕೊಟ್ಟ ಔಷಧದ ಕಾಗದಗಳು, ಎಲ್ಲವೂ ದಾರ ಕಟ್ಟಿಸಿಕೊಂಡು ಕೂತಿದ್ದವು. ಅವುಗಳ ಕೆಳಗೆ, ಅಪ್ಪನ ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ ದಾಡಿ ಕತ್ತಿ. ಹಿಡಿಯೊಳಗೆ ಮಡಚಿಕೊಳ್ಳುವಂಥದ್ದು, ಎಲುಬಿನ ಹಿಡಿ ಹಳದಿಯಾಗಿತ್ತು. ತೆರೆದಾಗ ತುದಿಯ ಹತ್ತಿರ ಸಣ್ಣ ಮುಕ್ಕು ಕಂಡಿತು. ಅದನ್ನು ನೋಡಿ ನನಗೆ ಏನೋ ಆಯಿತು. ಏನಾಯಿತೆಂದು ಆಗ ತಿಳಿಯಲಿಲ್ಲ; ಹವ್ಯಾಸ ಹುಟ್ಟಿತೆಂದು ಭಾವಿಸಿದೆ.

ಐವತ್ತೆಂಟರಲ್ಲಿ ಹವ್ಯಾಸ ಹುಟ್ಟುವುದು ಸೀತಾಳೆ ಸಿಡುಬು ಹುಟ್ಟಿದ ಹಾಗೆ. ಚಿಕ್ಕಂದಿನಲ್ಲಿ ಬಂದು ಹೋಗಿದ್ದರೆ ಚೆನ್ನಾಗಿತ್ತು. ಈಗ ಬಂದರೆ ಜೀವಕ್ಕೆ ಹತ್ತುತ್ತದೆ. ಮೂರು ತಿಂಗಳಲ್ಲಿ ನನ್ನ ಬಳಿ ಏಳು ಕತ್ತಿಗಳಾದವು. ಎರಡನ್ನು ಗುಜರಿಯಲ್ಲಿ ತುಕ್ಕು ಹಿಡಿದ ಬೀಗಗಳ ರಾಶಿಯಿಂದ ಎತ್ತಿದೆ, ನಾಲ್ಕನ್ನು ಮೊಬೈಲಿನಲ್ಲಿ ಚಿತ್ರ ನೋಡಿ ತರಿಸಿದೆ. ಜೊತೆಗೆ ಒರಟಿನಿಂದ ನಯದವರೆಗೆ ಮೂರು ಸಾಣೆಕಲ್ಲು. ಹೊಸದಾಗಿ ಬಂದ ಕತ್ತಿಗಳಲ್ಲಿ ಒಂದಕ್ಕೂ ದಾಡಿ ಮಾಡುವ ಹರಿತ ಇರುವುದಿಲ್ಲವೆಂದು, ಅದನ್ನು ಕೊಂಡವನೇ ಮಸೆದು ತಂದುಕೊಳ್ಳಬೇಕೆಂದು ಆಮೇಲೆ ತಿಳಿಯಿತು. ಅಡುಗೆಮನೆಯ ಚಾಕು ಮಸೆಯುವವರನ್ನು ಜೀವಮಾನವೆಲ್ಲ ನೋಡಿದ್ದೆ, ಹಾಗೆಯೇ ಮಸೆದೆ. ಹರಿತ ಬಂದಿದೆಯೋ ಇಲ್ಲವೋ ನೋಡಲು ಮುಂಗೈಯ ಕೂದಲ ಮೇಲೆ ಒಮ್ಮೆ ಆಡಿಸಿ ನೋಡಬೇಕಂತೆ. ಒಂದು ತಿಂಗಳಲ್ಲಿ ನನ್ನ ಎಡ ಮುಂಗೈ ಬಾಳೆದಿಂಡಿನಂತಾಯಿತು, ಕತ್ತಿಗೆ ಹರಿತ ಬಂದು ಅಲ್ಲ, ಕೂದಲು ಕಿತ್ತು ಬಂದು. ಆಮೇಲೆ ಇಳಿಬಿಟ್ಟ ಒಂಟಿ ಕೂದಲನ್ನು ಕತ್ತಿ ತಾಗುತ್ತಲೇ ಕತ್ತರಿಸಬೇಕೆಂಬ ಇನ್ನೊಂದು ಪರೀಕ್ಷೆಯ ವಿಷಯ ಓದಿ ಉಷಾಳ ಬಾಚಣಿಗೆಗೆ ಕೈಹಾಕಿದೆ.

"ಮೂವತ್ತ ವರ್ಷದಾಗ ಒಮ್ಮೆನೂ ನನ್ನ ಕೂದಲಾ ನೋಡಿದವರಲ್ಲಾ," ಎಂದಳು ಉಷಾ. "ಈಗ ಬೆಳಕಿಗೆ ಹಿಡದ ನೋಡ್ಲಿಕ್ಹತ್ತೀರಿ. ಕಡೀಕ ಅವಕ್ಕೂ ಕಿಮ್ಮತ್ತ ಬಂತಲ್ಲಾ."

ಕೆನ್ನೆಯ ಮೇಲೆ ಮೊದಲ ಪ್ರಯೋಗ ಮಾಡಿದ ದಿನ ಬಚ್ಚಲಿನಿಂದ ನಾನು ಹೊರಬಂದಾಗ ಅವಳು ಹತ್ತಿಯ ಉಂಡೆ ತಂದುಕೊಟ್ಟಳು. ಆಮೇಲೆ ಚಹಾ ಸೋಸುತ್ತ ಅಂದಳು: "ನಿಮ್ಮ ಮುಖಾ ನೋಡಿದ್ರ ಮಂದಿ ನನ್ನ ಮ್ಯಾಲೆ ಸಂಶಯಾ ಪಡ್ತಾರ. ಯಾರರೇ ಕೇಳಿದ್ರ ಬೆಕ್ಕ ಸಾಕೇವಿ ಅಂತ ಹೇಳ್ರಿ." ಕಾಲೇಜಿನಲ್ಲಿ ಯಾರೂ ಬೆಕ್ಕಿನ ವಿಷಯ ಕೇಳಲಿಲ್ಲ. ಬದಲಿಗೆ ಮನಶ್ಶಾಸ್ತ್ರ ವಿಭಾಗದ ಸಹೋದ್ಯೋಗಿಯೊಬ್ಬರು ನನ್ನನ್ನು ಬದಿಗೆ ಕರೆದು, ನಿವೃತ್ತಿಯ ಹೊಸ್ತಿಲಲ್ಲಿ ಮನಸ್ಸು ಕುಗ್ಗುವುದು ಸಹಜವೆಂದೂ, ಮಾತಾಡಬೇಕೆನಿಸಿದರೆ ತಾವಿದ್ದೇವೆಂದೂ ಹೇಳಿದರು. ಕತ್ತಿಗಳನ್ನು ಸಂಗ್ರಹಿಸುತ್ತಿದ್ದೇನೆ ಅಷ್ಟೇ ಎಂದು ನಾನು ಸಮಾಧಾನ ಹೇಳಿದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಸಾಣೆ ಹಿಡಿಯಲು ಬಲ್ಲವರನ್ನು ಹುಡುಕಬೇಕಾಯಿತು. ಈಗಿನ ಕಟಿಂಗ್ ಅಂಗಡಿಗಳಲ್ಲಿ ಎಲ್ಲ ಅರ್ಧ ಬ್ಲೇಡಿನ ಕೆಲಸ; ಒಂದು ಮುಖಕ್ಕೆ ಒಂದು, ಮುಗಿದ ಮೇಲೆ ಡಬ್ಬಿಗೆ. ಸಾಣೆಯ ಮಾತೆತ್ತಿದರೆ ನಗುತ್ತಿದ್ದರು. ಕೊನೆಗೆ ಒಬ್ಬ, ಇಲ್ಲೇ ಪಕ್ಕದ ಬೆಂಗೇರಿಯಲ್ಲಿ ಈರಣ್ಣ ಅಂತ ಒಬ್ಬರಿದ್ದಾರೆ, ಅವರು ಕಲ್ಲು ಇಟ್ಟುಕೊಂಡಿದ್ದಾರೆ ನೋಡ್ರಿ ಅಂದ. ಹೋದೆ. ಬಾಗಿಲು ಹಾಕಿತ್ತು. ಪಕ್ಕದ ಪಂಕ್ಚರ್ ಅಂಗಡಿಯವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಇವತ್ತ ಮಂಗಳವಾರ ಅಲ್ಲೇನ್ರಿ," ಎಂದ. ನಾಲ್ಕು ವರ್ಷದ ಕೂಸಿಗೆ ಹೇಳುವ ದನಿ. ಮಂಗಳವಾರ ಕ್ಷೌರದವರು ಕತ್ತಿ ಹಿಡಿಯುವುದಿಲ್ಲವೆಂಬುದು ನನಗೆ ಗೊತ್ತಿರದ ಸಂಗತಿಯೇನಲ್ಲ. ನಮ್ಮ ಅಜ್ಜಿ ಮಂಗಳವಾರ ಉಗುರು ತೆಗೆಯಲೂ ಬಿಡುತ್ತಿರಲಿಲ್ಲ. ಕತ್ತರಿ ಸದ್ದಾದರೆ ದೇವರಕೋಣೆಯಿಂದ ಎದ್ದು ಬರುತ್ತಿದ್ದಳು. ಎಂ.ಎ. ಓದುವಾಗ ನಾನು ಇದರ ವಿರುದ್ಧ ದೊಡ್ಡ ಹೋರಾಟ ಹೂಡಿದ್ದೆ. ಪ್ರತಿ ಮಂಗಳವಾರ, ಗಡ್ಡ ಇರಲಿ ಬಿಡಲಿ, ಅಜ್ಜಿಯ ಎದುರೇ ಕನ್ನಡಿ ಇಟ್ಟುಕೊಂಡು ದಾಡಿ ಮಾಡಿಕೊಳ್ಳುತ್ತಿದ್ದೆ. ವಾರಗಳಿಗೂ ಕೂದಲಿಗೂ ಕಾರ್ಯಕಾರಣ ಸಂಬಂಧವಿಲ್ಲವೆಂದು ಅವಳಿಗೆ ಸಾಧಿಸಿ ತೋರಿಸುತ್ತಿದ್ದೆ. ಅವಳು ನನ್ನ ವಾದ ಪೂರ್ತಿ ಕೇಳಿ, "ಆತು, ಈಗ ಸ್ನಾನಾ ಮಾಡು," ಎನ್ನುತ್ತಿದ್ದಳು. ಆ ಹೋರಾಟದಲ್ಲಿ ಗೆದ್ದೆನೆಂದು ಮೂವತ್ತೈದು ವರ್ಷ ನಂಬಿಕೊಂಡಿದ್ದೆ.

ಬುಧವಾರ ಮತ್ತೆ ಹೋದೆ. ಈರಣ್ಣ ನನ್ನದೇ ವಯಸ್ಸಿನವನು, ತೆಳ್ಳಗೆ, ಮಾತು ಕಡಿಮೆ. ಎರಡು ಕುರ್ಚಿಯ ಅಂಗಡಿ. ಒಂದರ ಮೇಲೆ ಪೇಪರು ಪೇರಿಸಿತ್ತು. ಆರು ಕತ್ತಿಗಳನ್ನು ಟವೆಲಿನ ಮೇಲೆ ಬಿಡಿಸಿಟ್ಟೆ. ಅಪ್ಪನದನ್ನು ಯಾಕೋ ಒಯ್ದಿರಲಿಲ್ಲ. ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡಿ ಮೂರನ್ನು ಬೇರೆ ಇಟ್ಟ.

"ಇವನ್ನ ಯಾರ ಸಾಣಿ ಹಿಡದಾರ್ರಿ?"

"ನಾನ."

"ಕಾಯಿಪಲ್ಲೆ ಹೆಚ್ಚಾಕ ಇಟ್ಕೋರಿ," ಎಂದ. ಆಮೇಲೆ, ನೊಂದುಕೊಂಡೇನೋ ಎಂದು ನೋಡಿ, ಮೆತ್ತಗೆ ಹೇಳಿದ: "ನೀವ ಚಾಕು ತಿಕ್ಕಿದಂಗ ಬೆನ್ನ ಎತ್ತಿ ತಿಕ್ಕೀರಿ ಸರ. ದಾಡಿ ಕತ್ತಿ ಬೆನ್ನ ಎತ್ತಬಾರ್ದ್ರಿ. ಬೆನ್ನ, ಬಾಯಿ, ಎರಡೂ ಕಲ್ಲಿಗೆ ಹತ್ತಿರಬೇಕು. ಬೆನ್ನ ಸವದರನ ಬಾಯಿ ಬರ್ತೈತಿ."

ಕಪಾಟಿನಿಂದ ಅರಿವೆಯಲ್ಲಿ ಸುತ್ತಿದ ಒಂದು ಕಲ್ಲು ತೆಗೆದ. ಗೇಣುದ್ದ, ಹಸಿರು ಕಪ್ಪು ಬಣ್ಣ, ಕೆರೆಯ ನೀರಿನಂತೆ ಸಪಾಟು. ನಾಲ್ಕು ಹನಿ ನೀರು ಚಿಮುಕಿಸಿ ಕತ್ತಿಯನ್ನು ಮಲಗಿಸಿದ. ಬಾಯಿ, ಅಂದರೆ ಹರಿತದ ಅಂಚು, ಮುಂದಾಗಿ ಒಮ್ಮೆ ಹೋಗುವುದು, ತುದಿಯಲ್ಲಿ ಬೆನ್ನಿನ ಮೇಲೆಯೇ ಹೊರಳುವುದು, ಮತ್ತೆ ಬರುವುದು. ಕೈ ಒತ್ತುತ್ತಿರಲಿಲ್ಲ, ಕತ್ತಿಯ ಭಾರವನ್ನಷ್ಟೇ ಕಲ್ಲಿನ ಮೇಲೆ ಬಿಟ್ಟಂತಿತ್ತು. ಸದ್ದು ಬಹಳ ಸಣ್ಣದು, ಪಕ್ಕದ ಕೋಣೆಯಲ್ಲಿ ಯಾರೋ ಪುಟ ತಿರುವಿದ ಹಾಗೆ. "ಇದು ನಮ್ಮಪ್ಪನ ಕಲ್ರಿ," ಎಂದ. ಅಪ್ಪನ ಹೆಸರನ್ನು ನಾನು ಕೇಳಲಿಲ್ಲ. ಕೇಳದೆ ಇದ್ದದ್ದು ಆಕಸ್ಮಿಕವೆಂದು ನನ್ನ ನೆನಪು ಹೇಳುತ್ತದೆ. ಅದರ ಮಾತನ್ನು ಎಷ್ಟು ನಂಬಬೇಕೆಂಬುದನ್ನು ಮೇಲೆ ಹೇಳಿಯಾಗಿದೆ.

ಆ ಮೇಲೆ ವಾರಕ್ಕೆರಡು ಸಲ ಬೆಂಗೇರಿಗೆ ಹೋಗತೊಡಗಿದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನು ಕಲ್ಲು ಕೊಡುತ್ತಿದ್ದ, ನಾನು ತಿಕ್ಕುತ್ತಿದ್ದೆ. ನಡುವೆ ಗಿರಾಕಿ ಬಂದರೂ, "ಬೆನ್ನ ಸರ, ಬೆನ್ನ," ಎಂದು ಕುರ್ಚಿಯ ಪಕ್ಕದಿಂದಲೇ ಹೇಳುತ್ತಿದ್ದ. ಕಣ್ಣು ಗಿರಾಕಿಯ ಕೆನ್ನೆಯ ಮೇಲಿದ್ದರೂ ನನ್ನ ಕತ್ತಿ ಎತ್ತಿದ್ದು ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಮೂವತ್ತು ವರ್ಷ ಇನ್ನೊಬ್ಬರ ತಪ್ಪು ತಿದ್ದಿದವನಿಗೆ ಹೀಗೆ ಬೈಸಿಕೊಳ್ಳುವುದರಲ್ಲಿ ಒಂದು ಸುಖವಿತ್ತು. ಎರಡು ತಿಂಗಳ ನಂತರ ಒಂದು ದಿನ ನಾನೇ ಹರಿತ ಮಾಡಿದ ಕತ್ತಿಯಿಂದ ರಕ್ತವಿಲ್ಲದೆ ಅರ್ಧ ಕೆನ್ನೆ ದಾಡಿ ಮಾಡಿಕೊಂಡೆ. ಉಳಿದರ್ಧಕ್ಕೆ ಧೈರ್ಯ ಸಾಲಲಿಲ್ಲ. ಹಾಗೆಯೇ ಕಾಲೇಜಿಗೆ ಹೋದೆ. ಆ ಹುರುಪಿನಲ್ಲಿ ಅಪ್ಪನ ಕತ್ತಿಯನ್ನೂ ಬೆಂಗೇರಿಗೆ ಒಯ್ದೆ.

ಈರಣ್ಣ ಅದನ್ನು ತೆರೆದು ಬಹಳ ಹೊತ್ತು ನೋಡಿದ. ಹೆಬ್ಬೆರಳಿನಿಂದ ಬೆನ್ನನ್ನು ಸವರಿದ. "ಈ ಬೆನ್ನ ಸವೆಸಿದ ಕೈ ನಮ್ಮಪ್ಪಂದ್ರಿ," ಎಂದ. "ಹಿಂದ ಸ್ವಲ್ಪ ಹೆಚ್ಚ, ತುದಿಗೆ ಕಡಿಮಿ. ಹಂಗ ಅಂವಾ ಒಬ್ಬನ ಹಿಡೀತಿದ್ದ. ಎಲ್ಲಿದ್ರಿ ಇದು?"

ನಾನು, "ಗುಜರಿಯೊಳಗ ಸಿಕ್ತು," ಎಂದೆ. ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಅದು ಮೊದಲು ಬಂತು, ಅಷ್ಟೇ.

ಅವನು ತಲೆಯಾಡಿಸಿ ಮುಕ್ಕನ್ನು ತೋರಿಸಿದ. "ಇದು ಗಡ್ಡಕ್ಕ ಆದ ಮುಕ್ಕಲ್ರಿ. ಕಲ್ಲ ಹಾಸಿದ ನೆಲಕ್ಕ ಬಿದ್ದೈತಿ. ಬಿದ್ದಮ್ಯಾಲ ಒಮ್ಮೆನೂ ಸಾಣಿ ಕಂಡಿಲ್ಲ." ಆಮೇಲೆ, ಕತ್ತಿ ಮಡಚುತ್ತ, ಯಾರಿಗೋ ಹೇಳುವಂತೆ ಹೇಳಿದ: ಅವನ ಅಪ್ಪ ಫಕೀರಪ್ಪ ಧಾರವಾಡದ ಒಂದು ಓಣಿಯ ಹನ್ನೊಂದು ಮನೆಗಳಿಗೆ ಹೋಗುತ್ತಿದ್ದ. ಒಂದು ಮನೆಯ ಹುಡುಗನ ದವಡೆ ಕೊಯ್ದನೆಂದು ಸುದ್ದಿಯಾಯಿತು. ಒಂದೇ ವಾರದಲ್ಲಿ ಹನ್ನೊಂದೂ ಹೋದವು. "ಕೈ ನಡಗತೈತಿ, ಕುಡೀತಾನ ಅಂದ್ರು. ಅಂವಾ ಚಹಾನೂ ಕುಡೀತಿದ್ದಿಲ್ರಿ. ಆಮ್ಯಾಲ ಸುಡಗಾಡ ಮುಂದ ಕುಂದ್ರಾಕತ್ತಿದ. ಅಪ್ಪ ಅವ್ವ ಸತ್ತವರ ತಲಿ ಬೋಳಸೂದು. ಅಲ್ಲಿ ಯಾರೂ ಕೈ ಹೆಂಗೈತಿ ಅಂತ ಕೇಳೂದಿಲ್ಲ ನೋಡ್ರಿ. ಸಾಯೂತನಕಾ ಅದ ಮಾಡಿದ."

ಮನೆಗೆ ಬಂದು ನಾನು ಕತ್ತಿಯನ್ನು ಮೇಜಿನ ಮೇಲಿಟ್ಟು ಎದುರು ಕೂತೆ. ತರ್ಕ ಬಲ್ಲವನಿಗೆ ಇದು ಕಷ್ಟದ ಲೆಕ್ಕವಲ್ಲ. ಗಿರೀಶನ ದವಡೆ ಕೊಯ್ದದ್ದು ಫಕೀರಪ್ಪನ ಕೈಯಲ್ಲಿದ್ದ ಫಕೀರಪ್ಪನದೇ ಕತ್ತಿಯಾದರೆ, ನೆಲಕ್ಕೆ ಬಿದ್ದು ಮುಕ್ಕಾದದ್ದು ಅಪ್ಪನ ಕತ್ತಿ ಯಾಕೆ? ಅದು ಬಿದ್ದಮೇಲೆ ಸಾಣೆ ಕಂಡಿಲ್ಲ; ಗಿರೀಶನಿಗೆ ಗಾಯವಾದ ಮೇಲೆ ಅಪ್ಪ ಅದನ್ನು ಕೈಯಲ್ಲಿ ಹಿಡಿದದ್ದನ್ನು ನಾನೂ ಕಂಡಿಲ್ಲ. ಅಂದರೆ ಅದು ಬಿದ್ದದ್ದಕ್ಕೂ ಫಕೀರಪ್ಪ ಬರುವುದು ನಿಂತದ್ದಕ್ಕೂ ನಡುವೆ ಒಂದು ವಾರವೂ ಇಲ್ಲ. ನನ್ನ ತಲೆಯಲ್ಲಿ ಐವತ್ತು ವರ್ಷದಿಂದ ಒಂದು ಚಿತ್ರವಿತ್ತು: ರವಿವಾರದ ಬಿಸಿಲು, ಹಿತ್ತಲಕಟ್ಟೆ, ಮಣೆಯ ಮೇಲೆ ಗಿರೀಶ, ಮೊಣಕಾಲೂರಿದ ಫಕೀರಪ್ಪ, ಬಿಳಿ ಅರಿವೆಯ ಮೇಲೆ ಕೆಂಪು. ಈಗ ಅದರ ಪಕ್ಕದಲ್ಲಿ ಇನ್ನೊಂದು ಚಿತ್ರ ನಿಧಾನಕ್ಕೆ ಬಂದು ನಿಂತಿತು. ಸಂಜೆ. ಬಚ್ಚಲ ಪಕ್ಕದ ಕತ್ತಲ ನಡುಮನೆ. ಗಿರೀಶನ ಮುಖದ ತುಂಬ ಅಪ್ಪನ ಸಾಬೂನಿನ ನೊರೆ, ಅವನು ನಗುತ್ತಿದ್ದಾನೆ. "ತಲಿ ಅಳ್ಳಾಡಸಬ್ಯಾಡೋ ತಮ್ಮಾ" ಎಂದು ಫಕೀರಪ್ಪನ ದನಿಯಲ್ಲಿ ಯಾರೋ ಹೇಳುತ್ತಿದ್ದಾರೆ, ಆದರೆ ದನಿ ಬಹಳ ಎಳೆಯದು. ಆಮೇಲೆ ಹಾಸುಗಲ್ಲಿನ ಮೇಲೆ ಲೋಹ ಬಿದ್ದ ಒಂದು ಸದ್ದು. ಇದು ನೆನಪೋ, ಈರಣ್ಣನ ಮಾತು ಕೇಳಿ ನಾನು ಕಟ್ಟಿಕೊಂಡದ್ದೋ? ಮಳೆ ಬೀಳದ ಮದುವೆಯಲ್ಲಿ ಮಳೆ ಕಂಡವನು ಯಾವುದನ್ನು ನಂಬಬೇಕು?

ಬೆಳಗಾವಿಯಲ್ಲಿರುವ ಗಿರೀಶನಿಗೆ ಫೋನು ಮಾಡಿದೆ. ದವಡೆಯ ಗಾಯದ ಬಗ್ಗೆ ಅವನಿಗೆ ಏನು ನೆನಪಿದೆ ಎಂದು ಕೇಳಿದೆ.

"ಅಣ್ಣಾ, ನಂಗ ಐದ ವರ್ಷ. ಏನ ನೆನಪಿರ್ತದ?" ಎಂದ. "ಫಕೀರಪ್ಪ ಕೊಯ್ದಾ ಅಂತ ನೀನ ಹೇಳಿದ್ದಿ. ನಾ ಎಲ್ಲಾರ್ಗೂ ಅದನ್ನ ಹೇಳಕೋತ ಬಂದೇನಿ. ಯಾಕ, ಈಗೇನಾತು?"

ಏನೂ ಇಲ್ಲ ಎಂದೆ. ಅಂದರೆ ಅವನ ನೆನಪೂ ನನ್ನದೇ. ಅವ್ವ, ಅಪ್ಪ, ಅಜ್ಜಿ ಎಲ್ಲರೂ ಹೋಗಿದ್ದಾರೆ. ನಾನು ನಿಜಕ್ಕೂ ಏನು ಹೇಳಿದ್ದೆ ಎಂದು ನೆನೆಸಿಕೊಂಡೆ. ಡಾಕ್ಟರರ ಕೋಣೆ, ಗಿರೀಶನ ದವಡೆಗೆ ಹೊಲಿಗೆ ಹಾಕುತ್ತಿದ್ದಾರೆ, ಯಾರು ಮಾಡಿದ್ದು ಇದು ಎಂದು ಕೇಳುತ್ತಾರೆ. ಅಪ್ಪ ನನ್ನ ಕಡೆ ತಿರುಗುತ್ತಾನೆ: "ಫಕೀರಪ್ಪ ಅಲ್ಲೇನೋ?" ನಾನು ಹೂಂ ಎಂದು ತಲೆಯಾಡಿಸುತ್ತೇನೆ. ಇದೊಂದು ಎರಡೂ ಚಿತ್ರಗಳಲ್ಲಿ ಒಂದೇ ಥರ ಇದೆ.

ಇನ್ನೊಂದು ಸಂಗತಿ ಹೇಳಬೇಕು. ಅಪ್ಪ ತೀರಿಕೊಂಡಾಗ ಗಿರೀಶ ಪರವೂರಿನಲ್ಲಿದ್ದ, ಮರುದಿನ ಬಂದ. ಸುಡುಗಾಡಿನಲ್ಲಿ ನನ್ನ ತಲೆ ಬೋಳಿಸಿದವನು ಒಬ್ಬ ಮುದುಕ. ಅವನು ಯಾರೆಂದು ಆಗ ಗುರುತು ಹತ್ತಲಿಲ್ಲವೆಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ನೆತ್ತಿಯಿಂದ ಕಿವಿಯತನಕ ಒಂದೇ ಒಂದು ಗೀರು ಬೀಳಲಿಲ್ಲ. ಕೆಲಸ ಮುಗಿಸಿ ಕತ್ತಿ ಒರೆಸಿಕೊಳ್ಳುತ್ತ ಅವನು ಮೆಲ್ಲಗೆ ಕೇಳಿದ, "ಸಣ್ಣ ಧಣ್ಯಾರ ದವಡಿ ಗಾಯ ಮಾದೈತೇನ್ರಿ?" ಕೇಳಿದನೆಂದೇ ಈಗ ಅನಿಸುತ್ತದೆ. ಕೇಳಿರಲಿಕ್ಕೂ ಇಲ್ಲ. ಕೇಳಿದ್ದರೆ ನಾನು ಏನು ಉತ್ತರ ಕೊಟ್ಟೆನೋ ಅದಂತೂ ನೆನಪಿಲ್ಲ.

ಮುಂದಿನ ವಾರ ಅಪ್ಪನ ಕತ್ತಿಯ ಮುಕ್ಕು ತೆಗೆಸಲೆಂದು ಬೆಂಗೇರಿಗೆ ಹೋದೆ. ಕತ್ತಿ ಇಟ್ಟುಕೊಂಡ ಈರಣ್ಣ, ದೀಪಾವಳಿಯ ಮೇಲೆ ಅಂಗಡಿ ಮುಚ್ಚುತ್ತೇನೆ, ಮೊಣಕಾಲು ನಿಲ್ಲುವುದಿಲ್ಲ ಎಂದ. ಮಗ ಬಸ್ಸಿನ ಕಂಡಕ್ಟರು. ಅವನಿಗೆ ಕಲ್ಲು ಬೇಡ. "ನೀವ ಒಯ್ರಿ ಸರ. ಇಷ್ಟ ದಿನಾ ಕಲತೀರಿ. ಮನ್ಯಾಗ ಇಟ್ರ ಯಾರರೇ ಒಳ್ಳಿಗೆ ಕೆಳಗ ಕೊಟ್ಟ ಇಡ್ತಾರ." ಒರಳು ಅಲುಗದಂತೆ ಕೆಳಗೆ ಕೊಡುವ ಕಲ್ಲಾಗಿ ಅದು ಮುಗಿಯುವುದು ನನಗೂ ಬೇಡವಾಗಿತ್ತು. ನನ್ನ ಕೈ ಮುಂದಾಯಿತು ಕೂಡ. ಆಮೇಲೆ ಹಿಂದಕ್ಕೆ ತೆಗೆದುಕೊಂಡು, ಮುಂದಿನ ಸಲ ಒಯ್ಯುತ್ತೇನೆ ಎಂದೆ. ಯಾಕೆಂದರೆ ಫಕೀರಪ್ಪನ ಕಲ್ಲನ್ನು ಫಕೀರಪ್ಪನ ಮಗನ ಕೈಯಿಂದ ತೆಗೆದುಕೊಳ್ಳುವ ಮೊದಲು ಒಂದು ಮಾತು ಹೇಳಬೇಕಿತ್ತು, ಅದನ್ನು ಹೇಳಲು ನನ್ನ ಬಳಿ ಸಾಕಷ್ಟು ಪುರಾವೆಯಿರಲಿಲ್ಲ. ಪುರಾವೆಯಿಲ್ಲದೆ ಮಾತಾಡಬಾರದೆಂಬ ತತ್ವ ನನಗೆ ಇಷ್ಟು ಅನುಕೂಲವಾಗಿ ಹಿಂದೆಂದೂ ಕಂಡಿರಲಿಲ್ಲ.

"ತತ್ವಾ ಇರ್ಲಿ," ಎಂದಳು ಉಷಾ, ಎಲ್ಲ ಕೇಳಿದ ಮೇಲೆ. "ಕಲ್ಲ ತರೂದಿದ್ರ ಹೇಳಿ ತರ್ರಿ. ಹೇಳದ ತಂದ್ರ ಈ ಮನ್ಯಾಗ ಇಡಬ್ಯಾಡ್ರಿ."

ಹೇಳುವುದಕ್ಕೆ ನಾನು ಆರಿಸಿಕೊಂಡ ಹೊತ್ತು ನೋಡಿ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. "ಬರ್ರಿ, ನಿಮ್ಮಪ್ಪ..." ಎಂದು ಏನೋ ಹೇಳಹೋಗಿ ಈರಣ್ಣ ನಿಲ್ಲಿಸಿ, "ಬರ್ರಿ, ಇವತ್ತ ಇದ ಕತ್ತೀಲೆ ದಾಡಿ ಮಾಡ್ತೀನಿ, ಕುಂದರ್ರಿ," ಎಂದ. ಮುಕ್ಕು ಹೋಗುವಂತೆ ಅವನು ವಾರವಿಡೀ ತಿಕ್ಕಿದ ಅಪ್ಪನ ಕತ್ತಿ ಅದು. ನೊರೆ ಹಚ್ಚಿದ. ತಲೆ ಹಿಂದಕ್ಕೆ ಒರಗಿಸಿದ. ಬಲ ಕೆನ್ನೆ ಮುಗಿದು ಕತ್ತಿ ಎಡ ದವಡೆಗೆ, ಕಿವಿಯ ಬುಡಕ್ಕೆ ಬಂದಾಗ ನನ್ನ ಬಾಯಿ ತೆರೆಯಿತು.

"ಈರಣ್ಣಾ, ಆ ಹುಡುಗ ನನ್ನ ತಮ್ಮ. ಅವನ ದವಡಿ ಕೊಯ್ದಾಂವಾ ಬಹುಶಃ ನಾನ."

ಕತ್ತಿ ನಿಂತಿತು. ಎತ್ತಲಿಲ್ಲ.

"ಬಹುಶಃ ಅಂದ್ರರಿ?"

"ಖರೇ ಏನಂತ ನನಗ ಖಾತ್ರಿ ಇಲ್ಲ."

"ಮಾತಾಡಬ್ಯಾಡ್ರಿ, ದವಡಿ ಅಳ್ಳಾಡತೈತಿ," ಎಂದ. ಕತ್ತಿ ಮತ್ತೆ ನಡೆಯಿತು, ನಿಧಾನಕ್ಕೆ, ಗಿರೀಶನ ಗೆರೆ ಇರುವ ಜಾಗದುದ್ದಕ್ಕೂ. ನನ್ನ ಮಾತು ನಿಲ್ಲಿಸಿ ಅವನು ಮಾತಾಡಿದ. "ಕತ್ತಿ ತೋರಿಸಿದ ದಿನಾನ ಗೊತ್ತಾತ್ರಿ ನನಗ. ಎಲುವಿನ ಹಿಡಕಿ ಆ ಓಣ್ಯಾಗ ನಿಮ್ಮಪ್ಪಾರದ ಒಂದ ಇತ್ತು. ನೀವ ಗುಜರಿ ಅಂದ್ರಿ. ಇರ್ಲಿ, ಹೇಳ್ತಾರೇನ ನೋಡೂಣು ಅಂತ ಕುಂತೆ. ಕಲ್ಲ ಕೊಡ್ತೀನಿ ಅಂದ್ರರೇ ಹೇಳ್ತೀರಿ ಅಂತ ಮಾಡಿದ್ದೆ." ಕತ್ತಿಯ ಮೇಲಿನ ನೊರೆಯನ್ನು ಕಾಗದಕ್ಕೆ ಒರೆಸಿದ. "ಅವತ್ತ ಮಂಗಳವಾರ ಇತ್ತಂತ್ರಿ. ನಮ್ಮವ್ವ ಸಾಯೂತನಕಾ ಅದನ್ನ ಹೇಳತಿದ್ಲು. ಮಂಗಳವಾರ ನಮ್ಮಪ್ಪ ಕತ್ತಿ ಚೀಲಾ ಸೈತ ಮುಟ್ಟತಿದ್ದಿಲ್ಲ. ನಿಮ್ಮ ಅಜ್ಜಿಯಾರಾದ್ರೂ ಮಂಗಳವಾರ ಹಿತ್ತಲಕ ಕತ್ತಿ ಬಿಟ್ಗೊಳ್ಳಾಕ ಸಾಧ್ಯ ಇತ್ತೇನ್ರಿ? ನಿಮ್ಮನ್ಯಾಗ ಎಲ್ಲಾರಿಗೂ ಗೊತ್ತಿತ್ರಿ. ನಮ್ಮಪ್ಪ ನಿಮ್ಮ ಕಟ್ಟಿ ಮುಂದ ಬಂದು ನಿಂತ. ನಿಮ್ಮಪ್ಪಾರು ಹೊರಗ ಬರಲಿಲ್ಲ."

ಅಪ್ಪ ಡಾಕ್ಟರರ ಮುಂದೆ ನನ್ನನ್ನು ಕೇಳಿರಲಿಲ್ಲ, ಹೇಳಿಕೊಟ್ಟಿದ್ದ ಎಂಬುದು ಕುರ್ಚಿಯಲ್ಲಿ ಮಲಗಿಕೊಂಡೇ ನನಗೆ ಹೊಳೆಯಿತು.

"ಇಷ್ಟ ದಿನಾ ಯಾಕ ಹೇಳಲಿಲ್ಲ?" ಎಂದೆ, ಅವನು ಕತ್ತಿ ಎತ್ತಿದ ಮೇಲೆ.

"ನಾ ಹೇಳಿದ್ರ ನೀವ ನಂಬತಿದ್ರೇನ್ರಿ?"

ಪಟಿಕದ ಹರಳು ತಿಕ್ಕಿ, ಒದ್ದೆ ಟವೆಲಿನಿಂದ ಒರೆಸಿ, ಕನ್ನಡಿ ಹಿಡಿದ. ಒಂದು ಗೀರೂ ಇರಲಿಲ್ಲ. ಕಲ್ಲು ಎದುರಿಗೇ, ಅರಿವೆ ಬಿಚ್ಚಿಕೊಂಡು ಕೂತಿತ್ತು. ಅವನು ಅದನ್ನು ಎತ್ತಿ ನೀರು ಒರೆಸಿ, ಅರಿವೆ ಸುತ್ತಿ, ಕಪಾಟಿನಲ್ಲಿಟ್ಟು ಬಾಗಿಲು ಹಾಕಿದ. "ಹೇಳಿದ್ರಿ, ಚಲೋ ಆತು. ಆದ್ರ ಕಲ್ಲ ಕೊಡೂದಿಲ್ರಿ ಸರ." ಸಿಟ್ಟಿನ ದನಿಯಲ್ಲ. ಅಪ್ಪನ ಕತ್ತಿಯನ್ನು ಮಡಚಿ ನನ್ನ ಕೈಗೆ ಕೊಟ್ಟ. "ಬೆನ್ನ ಎತ್ತಬ್ಯಾಡ್ರಿ."

ಗಿರೀಶನಿಗೆ ಅಂದೇ ಫೋನು ಮಾಡಿ ಹೇಳಿದೆ. ಅವನು, ದೀಪಾವಳಿಯೊಳಗೆ ಬರುತ್ತೇನೆ, ಬೆಂಗೇರಿಗೆ ನನ್ನನ್ನೂ ಕರೆದುಕೊಂಡು ಹೋಗು ಎಂದ. ಅಲ್ಲಿಗೆ ನಾನು ಸುಮ್ಮನಾಗಬೇಕಿ‌ತ್ತು. ಸಭ್ಯನಾದವನು ಸುಮ್ಮನಾಗುತ್ತಿದ್ದ. ಆದರೆ ಕೂತಲ್ಲಿ ಕೂರಲಾಗಲಿಲ್ಲ. ಅವತ್ತು ಮಂಗಳವಾರವಿತ್ತೆಂದು ಈರಣ್ಣ ಹೇಳಿದ್ದು ಅವನ ತಾಯಿಯ ಮಾತು. ತಾಯಿಗೆ ಗಂಡನ ಪಕ್ಷಪಾತ ಇದ್ದೇ ಇರುತ್ತದೆ. ಐವತ್ತು ವರ್ಷದಲ್ಲಿ ರವಿವಾರ ಮಂಗಳವಾರವಾಗುವುದು ಎಷ್ಟು ಹೊತ್ತು? ಹೀಗೆಲ್ಲ ತಲೆ ಓಡಿತು. ಒಂಬತ್ತು ವರ್ಷದ ಹುಡುಗನ ಒಂದು ತಲೆಯಾಟಕ್ಕೆ ಹನ್ನೊಂದು ಮನೆಗಳಲ್ಲಿ ಯಾರೂ ಪುರಾವೆ ಕೇಳಿರಲಿಲ್ಲ. ಸಾಯುವತನಕ ಒಂದೇ ಮಾತು ಹೇಳಿದ ಹೆಂಗಸಿನ ಹೇಳಿಕೆಯನ್ನು ಮಾತ್ರ ನಾನು, ಅವಳ ಮಗನ ಕೈಯಲ್ಲಿ ನುಣ್ಣಗೆ ದಾಡಿ ಮಾಡಿಸಿಕೊಂಡು ಬಂದು, ಅದೇ ಸಂಜೆ ಪರೀಕ್ಷೆಗೆ ಇಟ್ಟೆ.

ಅವ್ವನ ಟ್ರಂಕು ತೆಗೆದೆ. ದಾರ ಬಿಚ್ಚಿದೆ. ಗಿರೀಶನ ಕಟ್ಟಿನಲ್ಲಿ, ದೇವಿ ಹಾಕಿಸಿದ ಚೀಟಿಯ ಕೆಳಗೆ, ಡಾಕ್ಟರರ ಕಾಗದವಿತ್ತು: ಎಡ ದವಡೆ, ಹೊಲಿಗೆ, ಧನುರ್ವಾಯುವಿನ ಸೂಜಿ, ತಾರೀಖು. ಮೊಬೈಲಿನ ಕ್ಯಾಲೆಂಡರನ್ನು ಬೆರಳು ನೋಯುವಷ್ಟು ಹಿಂದಕ್ಕೆ ತಳ್ಳಿ ಆ ತಾರೀಖು ನೋಡಿದೆ. ಮೊಬೈಲಿನ ಮೇಲೆ ನಂಬಿಕೆ ಸಾಲದೆ ಕಾಗದ ತೆಗೆದುಕೊಂಡು ವರ್ಷಗಳನ್ನು ದಿನ ಮಾಡಿ ಏಳರಿಂದ ಭಾಗಿಸಿ ಲೆಕ್ಕ ಹಾಕಿದೆ. ಅಧಿಕ ವರ್ಷಗಳ ಹೆಚ್ಚಿನ ದಿನಗಳನ್ನು ಎಲ್ಲಿಯಾದರೂ ಬಿಟ್ಟೆನೇನೋ ಎಂದು ಇನ್ನೊಮ್ಮೆ ಹಾಕಿದೆ. ಉಷಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಈ ಪ್ರಬಂಧದಲ್ಲಿ ನಾನು ಆಣೆ ಮಾಡಿ ಹೇಳಬಹುದಾದದ್ದು ಇದೊಂದೇ: ಮೂರು ಸಲವೂ ಮಂಗಳವಾರವೇ ಬಂತು.